ಸೋಸಿದ ರೊಟ್ಟಿ

…ಮಾಫ್ ಮಾಡು ದೋಸ್ತ, ಮತ್ತ ಮೊದಲಿಂದ ಹೇಳ್ತೇನಿ. ರೆಕಾರ್ಡ್ ಮಾಡೋ ಕೆಂಪು ಗುಂಡಿ ಒತ್ತದೇ ಇಷ್ಟೊತ್ತು ಬರೇ ಟೇಪಿನ ಮುಂದ ಬಡಬಡಿಸೀನಿ. ಇಸವಿ ಎಂಬತ್ತೊಂಬತ್ತು, ಜನವರಿ ಹತ್ತು, ಮಂಗಳವಾರ.

ನನ್ನ ಹೆಂಡ್ತಿ ಸಕ್ಕುಬಾಯಿಗೆ ಅನ್ನನಾಳದ ಕ್ಯಾನ್ಸರ್. ನೀರು ಸೈತ ನುಂಗಾಕ ಆಗ್ತಿದ್ದಿಲ್ಲ. ಗುಲ್ಬರ್ಗಾದಾಗ ಡಾಕ್ಟರು ಒಳಗ ನಳಿಗಿ ಹಾಕಿ ಕಳಿಸ್ಯಾರ. "ರೋಗ ಹೋಗಂಗಿಲ್ರಿ, ತುತ್ತು ಹೋಗ್ತದ" ಅಂದ್ರು.

ಇವತ್ತು ಅಕಿಗೆ ಜೋಳದ ರೊಟ್ಟೀನೇ ಬೇಕಂತ. ಗಟ್ಟಿ ತುಣುಕು ನಳಿಗ್ಯಾಗ ಸಿಕ್ಕೊಂಡ್ರ ಕಷ್ಟ. ಹಾಲಿನಾಗ ನೆನೆಸಿ, ಕಿವುಚಿ, ಚಹಾ ಸೋಸೋ ಜಾಳಿಗ್ಯಾಗ ಸೋಸಿದೆ.

"ಜಲ್ಮದಾಗ ಚಹಾ ಸೋಸಿದವರಲ್ಲ, ಈಗ ರೊಟ್ಟಿ ಸೋಸಾಕತ್ತೀರಿ!" ಅಂದಳು.

"ಬಾಯಿ ಮುಚ್ಚಿ ಉಣ್ಣಬೇ."

"ಮುಚ್ಚಿದ್ರ ಹೆಂಗ ಉಣ್ಲಿ?"

ನೆಟ್ಟಗ ಕುಂಡ್ರಿಸಿ ಒಂದು ಚಮಚ ಕೊಟ್ಟೆ. ಅಕಿ ನುಂಗಿದಳು, ಜೋಡಿ ನಾನೂ ನುಂಗಿದೆ, ಬರೇ ಉಗುಳು. ಇಳೀತು! ನಳಿಗಿ ಸ್ವಚ್ಛ ಆಗ್ಲೆಂತ ಡಾಕ್ಟರು ಹೇಳಿದಂಗ ಮ್ಯಾಲೆ ಎರಡು ಗುಟುಕು ಸೋಡಾ ಕುಡಿದು ಡರ್ ಅಂತ ತೇಗಿದಳು. ಇಷ್ಟು ವರ್ಷದ ಸಂಸಾರದಾಗ ಅಕಿ ತೇಗಿದ್ದು ನಾ ಕೇಳಿದ್ದೇ ಇಲ್ಲ. ನಾಚಿ ಸೆರಗು ಬಾಯಿಗೆ ಹಿಡಿದಳು. ಆ ಮಾರಿ ಎಷ್ಟು ಚೆಂದ ಕಾಣ್ತಿತ್ತಂದ್ರ…

"ರೀ, ಯಾರ ಜೋಡಿ ಮಾತಾಡಾಕತ್ತೀರಿ? ಹಸಿವ್ಯಾಗೇದ್ರಿ!"

ಹಸಿವಿ ಅಂದಳು! ಎಷ್ಟು ದಿನಕ್ಕ ಈ ಮಾತು. ಬಂದೆ ತಡಿಬೇ, ಬಂದೆ. ಟೇಪ್ ಬಂದ್ ಮಾಡ್ತೇನಿ—