ನಮ್ಮೂರಿಗೆ ಬಾರದ ಗಾಳಿ

ದೊಡವಾಡ
೧೫ ಮೇ ೧೯೭೪

ನನ್ನ ಮುದ್ದಿನ ಅಣ್ಣಾ,

ಕ್ಷೇಮ ಸಮಾಚಾರವೆಲ್ಲ ಆಮೇಲೆ. ಮೊದಲು ಇದೊಂದು ಹೇಳು: ಮೊನ್ನೆ ರವಿವಾರ ಸಂಜೆ ನಮ್ಮ ಸೀಮೆಯಲ್ಲಿ ಎಲ್ಲಿಯಾದರೂ ಸುಂಟರಗಾಳಿ ಎದ್ದಿತ್ತೇ? ನೀನು ಹವಾಮಾನ ಕಚೇರಿಯಲ್ಲಿ ಕೂತವನು, ನಿನಗಲ್ಲದೆ ಇನ್ನಾರಿಗೆ ಗೊತ್ತಿರಬೇಕು? ಎದ್ದಿತ್ತು ಎಂದು ಬರೆದೆಯಾದರೆ ನಿನ್ನ ಪಾದಕ್ಕೆ ನಮಸ್ಕಾರ!

ಟೂರಿಂಗ್ ಟಾಕೀಸಿನವನಿಗೆ ಮಗಳನ್ನು ಕೊಟ್ಟೆವಲ್ಲ ಎಂದು ಅವ್ವ ಅತ್ತಿದ್ದಳು. ಅವಳಿಗೆ ಹೇಳು, ನಾನು ರಾಣಿಯ ಹಾಗಿದ್ದೇನೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕಣ್ಣು ತಪ್ಪಿಸಿ ಒಂದು ಸಿನಿಮಾ ನೋಡಲು ಎಷ್ಟು ಪಾಡುಪಟ್ಟಿದ್ದೆ! ಈಗ ಯಂತ್ರದ ಪಕ್ಕದಲ್ಲೇ ನನ್ನ ಸ್ಟೂಲು. ರೀಲು ಬದಲಿಸುವಾಗ ಇವರು ನನ್ನ ಕಡೆ ತಿರುಗಿ ನಗುತ್ತಾರಲ್ಲ, ಆಹಾ, ಅದನ್ನೆಲ್ಲ ಅಣ್ಣನಿಗೆ ಬರೆಯಬಾರದು, ಬಿಡು.

ನನಗಿದ್ದದ್ದು ಒಂದೇ ಹೆದರಿಕೆ. ತಂಬುವಿನ ನಡುವೆ ಮೇಲಿನಿಂದ ಕೆಳಗಿನವರೆಗೆ ದಪ್ಪನೆಯ ಹೊಲಿಗೆಯಿದೆ. ಕೇಳಿದರೆ ಇವರು, "ಹರದಿತ್ತು, ಹೊಲಿಸೇನಿ," ಎಂದು ರೀಲು ಸುತ್ತತೊಡಗಿದರು. ಹೆಂಗಸರ ಬಾಗಿಲಲ್ಲಿ ಟಿಕೀಟು ಹರಿಯುವ ರಾಚವ್ವ ಉಳಿದದ್ದನ್ನು ಹೇಳಿದಳು. ಸಂಪಗಾಂವದಲ್ಲಿ ಸುಳಿಗಾಳಿ ಬಂದು ತಂಬುವನ್ನೇ ಎತ್ತಿತಂತೆ, ನಡುಗಂಬ ಉರುಳಿತಂತೆ. "ಆಟ ಸುರು ಆಗಿರಲಿಲ್ಲ, ಪುಣ್ಯಾ. ಆಗಿದ್ರ ಹೆಣಾ ಹೊರೂದ ಆಗತಿತ್ತ ನೋಡ್ರಿ ವೈನಿ!" ಅಂದಿನಿಂದ ನಾನು ಪರದೆಗಿಂತ ಆಕಾಶವನ್ನೇ ಹೆಚ್ಚು ನೋಡುತ್ತೇನೆ.

ರವಿವಾರ ತಂಬು ತುಂಬಿ ತುಳುಕುತ್ತಿತ್ತು. ಹೆಂಗಸರ ಕಡೆ ಮಕ್ಕಳು ಮಡಿಲಲ್ಲಿ, ಹೆಗಲಲ್ಲಿ, ಎಲ್ಲೆಲ್ಲೂ. ಹೊರಗೆ ಬಂದು ನೋಡಿದರೆ ಪಡುವಣ ದಿಕ್ಕು ಕುದಿಯುವ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ದೂರದ ಹೊಲಗಳ ಮೇಲೆ ಮಣ್ಣಿನದೊಂದು ಕಂಬ, ಬುಡ ಸಣ್ಣ, ತಲೆ ಅಗಲ, ನಡೆದು ಹೋಗುತ್ತಿತ್ತು. ಇವರನ್ನು ಕರೆದು ತೋರಿಸಿದೆ. "ಏ ಹುಚ್ಚಿ, ಅದು ಬಸ್ಸಿನ ಧೂಳ," ಎಂದು ಒಳಗೆ ಹೋದರು. ನಾನು ಮೈಕು ಹಿಡಿದೆ ಅಣ್ಣಾ! "ಇವತ್ತ ಆಟ ಇಲ್ರೀ, ಗಾಳಿ ಬರಾಕ ಹತ್ತೈತಿ, ಎಲ್ಲಾರೂ ಮನಿಗಿ ಹೋಗ್ರಿ!" ನನ್ನ ದನಿ ಊರಿಗೆಲ್ಲ ಕೇಳಿಸಿತು. ಜನ ಚಪ್ಪಲಿ ಬಿಟ್ಟು ಓಡಿದರು.

ಗಾಳಿ ಬರಲಿಲ್ಲ. ಒಂದು ಎಲೆಯೂ ಅಲುಗಲಿಲ್ಲ. ಚಿಕ್ಕೆಗಳು ನನ್ನನ್ನು ಅಣಕಿಸಲೆಂದೇ ಒಂದೊಂದಾಗಿ ಮೂಡಿದವು.

ಈಗ ನಾನು ನೀರಿಗೆ ಹೊರಟರೆ ಹುಡುಗರು "ಗಾಳಿವೈನಿ ಬಂದ್ರು, ಬಾಗಲಾ ಹಾಕ್ರಿ!" ಎನ್ನುತ್ತಾರೆ. ಅದನ್ನು ನುಂಗಿಕೊಂಡೇನು. ಇವರು ರೀಲು ಬದಲಿಸುವಾಗ ತಿರುಗಿ ನೋಡುತ್ತಿಲ್ಲ, ಅದನ್ನೂ ಹೇಗೋ ತಡೆದುಕೊಂಡೇನು. ಆದರೆ ನಿನ್ನೆ ಒಂದು ಮಾತು ಅಂದರು: "ಇನ್ನ ಮ್ಯಾಲೆ ನಿನ್ನ ಮಾತಿಗೆ ಯಾರೂ ಏಳಾಂಗಿಲ್ಲ. ಖರೇನ ಗಾಳಿ ಬಂದ ದಿನಾ ಏನ ಮಾಡತಿ?" ಆಗಿನಿಂದ ನನಗೆ ಅನ್ನ ಸೇರುತ್ತಿಲ್ಲ. ಬರುವ ವಾರ ತಂಬು ಮುರಗೋಡದಲ್ಲಿ. ಅಲ್ಲಿಗೂ ನನ್ನ ಕೀರ್ತಿ ಮುಟ್ಟಿಯೇ ಇರುತ್ತದೆ.

ಆ ಕಂಬ ಹೋದ ದಿಕ್ಕಿನಲ್ಲೇ ರಾಚವ್ವನ ತಂಗಿಯ ಊರು. ಇವತ್ತು ಬೆಳಿಗ್ಗೆ ಅವಳನ್ನೇ ಹೊರಡಿಸಿಕೊಂಡು ಹೋದೆ. ಕೇಳಿದವರೆಲ್ಲರದೂ ಒಂದೇ ಮಾತು, "ಗಾಳಿ? ನಮ್ಮೂರಾಗ? ಆಚಿ ಊರಾಗ ಕೇಳ್ರಿ." ಆಚೆಯ ಊರಿನವರು ಇನ್ನೂ ಆಚೆಗೆ ಕೈ ತೋರಿಸಿದರು. ತಿರುಗಿ ಬಂದು ತಂಗಿಯ ಅಂಗಳದಲ್ಲಿ ನಿಂತು ಮೇಲೆ ನೋಡಿದೆ. ಬೇವಿನ ಮರದ ತುದಿಯಲ್ಲಿ ತಗಡೊಂದು ಹಪ್ಪಳದ ಹಾಗೆ ಮುದುಡಿ ಸಿಕ್ಕಿಕೊಂಡಿತ್ತು! ಇದೇನೆಂದೆ. ತಂಗಿ ಕಣ್ಣು ಮಿಟುಕಿಸದೆ, "ಮಂಗ್ಯಾ ಒಯ್ದೈತ್ರಿ," ಅಂದಳು.

ದಾರಿಯಲ್ಲಿ ರಾಚವ್ವ ನನ್ನ ಕೈ ಹಿಡಿದುಕೊಂಡಳು. ತಂಗಿಯ ಮಗಳನ್ನು ನೋಡಲು ಶುಕ್ರವಾರ ಗಂಡಿನವರು ಬರುತ್ತಾರಂತೆ. "ಗಾಳಿ ಊರು ಅಂತ ಹೆಸರ ಬಿತ್ತಂದ್ರ ಅಲ್ಲಿ ಹೆಣ್ಣ ಕೊಡೋರಿಲ್ಲ, ತರೋರಿಲ್ಲ. ಯಾರಿಗೂ ಹೇಳಬ್ಯಾಡ್ರಿ ವೈನಿ, ನಿಮ್ಮ ಯಜಮಾನರಿಗೂ." ಒಪ್ಪಿಕೊಂಡೆ. ಹೊಸ ಮದುವಣಗಿತ್ತಿ ನಾನೇ ಒಪ್ಪದಿದ್ದರೆ ಹೇಗೆ? ಅದಕ್ಕೇ ನಿನಗೂ ಊರಿನ ಹೆಸರು ಬರೆಯುತ್ತಿಲ್ಲ.

ಇಂಥ ಗಾಳಿ ಒಂದು ಓಣಿಯಷ್ಟೇ ಅಗಲ, ಯಾರಾದರೂ ತಿಳಿಸಿದರಷ್ಟೇ ನಮ್ಮ ಲೆಕ್ಕಕ್ಕೆ ಬರುತ್ತದೆ ಎಂದು ನೀನೇ ಹೇಳಿದ್ದೆ. ಇಲ್ಲಿ ಯಾರು ತಿಳಿಸುತ್ತಾರೆ? ನಿಮ್ಮ ದಫ್ತರ ನೋಡಿದರೆ ಬೈಲಹೊಂಗಲ, ಸವದತ್ತಿಯ ಕಡೆ ಗಾಳಿಯೇ ಇಲ್ಲವೇನೋ! ಆದರೂ ಹುಡುಕು. ಯಾವನೋ ಡ್ರೈವರು, ಯಾವನೋ ಪೋಸ್ಟಿನವನು ಬರೆದಿರಬಹುದು. ಮುರಗೋಡದಲ್ಲಿ ನಾನು ಮತ್ತೆ ಮೈಕು ಹಿಡಿದರೆ ಜನ ಏಳಬೇಕು, ಎಲ್ಲರಿಗಿಂತ ಮೊದಲು ಇವರು ಏಳಬೇಕು. ಬೇಗ ಬರೆ ಅಣ್ಣಾ, ಕೈಮುಗಿಯುತ್ತೇನೆ.

ಆಕಾಶ ನೋಡುತ್ತ ಕುಳಿತಿರುವ,
ನಿನ್ನ ಸತ್ಯಾ

ತಾ.ಕ.: ದಫ್ತರದಲ್ಲಿ ಗಾಳಿ ಸಿಕ್ಕರೆ ಕನ್ನಡದಲ್ಲಿ ಬರೆ, ಇವರ ಕೈಗೇ ಕೊಡುತ್ತೇನೆ. ಸಿಗದಿದ್ದರೆ ಇಂಗ್ಲಿಷಿನಲ್ಲಿ ಬರೆ. ಅದರ ಅರ್ಥವನ್ನು ಇವರಿಗೆ ನಾನೇ ಹೇಳುತ್ತೇನೆ.