ಗೆನಾ ಸೇತುವೆ ದಾಟಿದ್ದು

ಚಿಪ್ರೊವ್ತ್ಸಿ,
ಅಕ್ಟೋಬರ್ ೧೪

ಪ್ರೀತಿಯ ಅಜ್ಜೀ,

ಹೇಗಿದ್ದೀಯ? ಎಡಗಣ್ಣು ಕೈಕೊಟ್ಟಿತು, ಬಲಗಣ್ಣಾದರೂ ಮಾತು ಕೇಳುತ್ತಿದೆಯಾ? ವಿದಿನ್‌ನಲ್ಲಿ ಅತ್ತೆ ಉಪ್ಪಿಲ್ಲದ ಸಾರು ಕೊಡುತ್ತಾಳೆಂದು ದೂರಿದೆಯಲ್ಲ, ಅಪ್ಪ ಈ ಪಾರ್ಸೆಲ್‌ನಲ್ಲಿ ಸುಟ್ಟ ಮೆಣಸಿನಕಾಯಿ ಚಟ್ನಿಯ ಬಾಟಲಿ ಇಟ್ಟಿದ್ದಾನೆ. ಅತ್ತೆಗೆ ಕಾಣದ ಹಾಗೆ ತಿನ್ನು. ಇಲ್ಲಿ ಪ್ಲಮ್ ಹಣ್ಣಿನ ಸಾರಾಯಿ, ರಾಕಿಯಾ ಇಳಿಸುವ ಕಾಲ. ಅಪ್ಪ ಮನೆಗೆ ಬರುವ ಮೊದಲೇ ಅವನ ವಾಸನೆ ಬರುತ್ತದೆ. ನಾನು ಲೋಜನ್ ಮಾವನ ಅಂಗಡಿಯ ಕೆಲಸ ಬಿಟ್ಟು, ಜಗಳ ಆರಿದ ಮೇಲೆ ಮತ್ತೆ ಸೇರಿದ್ದೇನೆ.

ಈಗ ಕತೆಯ ವಿಷಯ. ನೀನು ಹೊರಟ ಬೆಳಿಗ್ಗೆ ಕಾರಿನ ಕಿಟಕಿಯಿಂದ ನನ್ನ ಕೈ ಹಿಡಿದು ಹೇಳಿದ್ದೆ: "ನನ್ ತಂಗಿ ಗೆನಾ ಹೇಸರಗತ್ತೆ ಹೊಡ್ಕೊಂಡು ಮನೆ ಬಿಟ್ಟೋದೋಳು ಎಲ್ಲಿಗೋದ್ಲೋ ಯಾರಿಗೂ ಗೊತ್ತಾಗ್ಲಿಲ್ಲ. ಕತೆ ಬರೀತೀನಿ ಅಂತ ಸ್ಕೂಲ್ ಬಿಟ್ಟೋಳು ನೀನು. ಕತೇಲಾದ್ರೂ ಅವಳನ್ನ ಎಲ್ಲಿಗಾದ್ರೂ ಮುಟ್ಸೇ. ಕಣ್ಣಿರೋವಾಗ್ಲೇ ನಾನೇ ಓದ್ಬೇಕು." ಬೇಸಿಗೆಯೆಲ್ಲ ನನ್ನ ಕಾಗದದಲ್ಲಿ ಗೆನಾ ಹೊಸ್ತಿಲಲ್ಲೇ ನಿಂತಿದ್ದಳು. ಇವತ್ತು ಮಂಜು ಹಾಕಿದರೆ ನಾಳೆ ತೆಗೆಯುತ್ತಿದ್ದೆ. ಕೆಂಪು ಶಾಲು ನೀಲಿಯಾಯಿತು, ನೀಲಿ ಮತ್ತೆ ಕೆಂಪಾಯಿತು. ಫೋನ್ ಮಾಡಿದಾಗೆಲ್ಲ ನೀನು "ಊರ್ ಸೇತುವೆ ದಾಟಿದ್ಲೇನೇ?" ಎನ್ನುತ್ತಿದ್ದೆ. "ಇಲ್ಲಜ್ಜಿ, ಇನ್ನೂ ಶಾಲು ಬದಲಾಯಿಸ್ತಿದಾಳೆ" ಎಂದು ಇದ್ದದ್ದನ್ನೇ ಹೇಳುತ್ತಿದ್ದೆ. ಮೊದಮೊದಲು ನೀನು ನಗುತ್ತಿದ್ದೆ. ಸೆಪ್ಟೆಂಬರಿನಲ್ಲಿ ನಗಲಿಲ್ಲ. "ಬೇಗ ಹೊರಡ್ಸು ತಾಯಿ, ಟಿವೀಲಿ ಎಲ್ರ ಮುಖಕ್ಕೂ ಹಿಟ್ಟು ಮೆತ್ತಿದ ಹಾಗೆ ಕಾಣ್ತಿದೆ" ಎಂದೆ. ಅಪ್ಪನದು ಬೇರೆ ಚುಚ್ಚು: "ಸ್ಕೂಲನ್ನ ಒಂದೇ ದಿನಕ್ಕೆ ಬಿಟ್ಟೆ, ಒಂದು ವಾಕ್ಯ ಬಿಡೋಕಾಗಲ್ವಾ ನಿಂಗೆ?"

ಕಾಗದದ ಮುಖ ನೋಡಲಾಗದೆ ಒಂದು ಮಧ್ಯಾಹ್ನ ನಿನ್ನ ಕೋಣೆಗೆ ಹೋಗಿ ಕೂತೆ. ಬರಿದಾದ ಮಗ್ಗದಲ್ಲಿ ಇನ್ನೂ ಉಣ್ಣೆಯ, ವಾಲ್‌ನಟ್ ಸಿಪ್ಪೆಯ ಬಣ್ಣದ ವಾಸನೆ. ಚಿಕ್ಕವಳಿದ್ದಾಗ ಅದರ ಕೆಳಗೇ ಮಲಗುತ್ತಿದ್ದೆನಲ್ಲ, ನೀನು ನೂಲು ಕೂಡಿಸುವ ಬಾಚಣಿಗೆಯ ಏಟು ನನ್ನ ಎದೆಯೊಳಗೇ ಬಡಿಯುತ್ತಿತ್ತು. ಒಮ್ಮೆ ಜಮಖಾನದಲ್ಲಿ ನೀನು ನೇಯ್ದ ಹಕ್ಕಿಯೊಂದು ತಪ್ಪು ಕಡೆಗೆ ಮುಖ ಮಾಡಿತ್ತು. "ಬಿಚ್ಚಜ್ಜೀ" ಎಂದೆ. "ಬಿಚ್ತಾ ಕೂತ್ರೆ ಹಾಸಿನ ನೂಲು ಸವೀತದೆ ಕಣೇ. ಪಾಪ, ಒಂಟಿಯಾಗೈತೆ, ಜೊತೆಗೊಂದು ಕೊಟ್ರಾಯ್ತು" ಎಂದು ನೀನು ಅದರ ಎದುರಿಗೆ ಇನ್ನೊಂದು ಹಕ್ಕಿ ನೇಯ್ದೆ. ನೇಯ್ದದ್ದು ಕೆಳಗಿನ ದಿಂಡಿಗೆ ಸುತ್ತಿಕೊಳ್ಳುತ್ತ ನಿನ್ನ ಕಣ್ಣಿಂದ ಮರೆಯಾಗುತ್ತಿತ್ತು. ಕತ್ತರಿಸುವ ದಿನ ಅಂಗಳದಲ್ಲಿ ಬಿಚ್ಚಿ ಹಾಸಿದಾಗ ನೆರೆಯವರಿಗಿಂತ ಹೆಚ್ಚು ಬೆರಗಾಗುತ್ತಿದ್ದವಳು ನೀನೇ. "ಅಯ್ಯೋ, ನೋಡ್ರೇ, ಇದು ನಾನ್ ನೇಯ್ದಿದ್ದಾ!" ಆ ಮುಖ ನನಗೆ ಎಷ್ಟು ಇಷ್ಟವಿತ್ತು ಗೊತ್ತಾ?

ಲೋಜನ್ ಮಾವನ ಹತ್ತಿರ ಚೀಸ್ ಕಟ್ಟುವ ಕಾಗದದ ಸುರುಳಿ ಕೇಳಿ ತಂದೆ. "ಕತೆ ಕಟ್ಟಿ ಮಾರ್ತೀಯೇನೇ, ಕಿಲೋಗೆಷ್ಟು?" ಎಂದ. ಅದನ್ನು ನಿನ್ನ ಮಗ್ಗಕ್ಕೆ ಏರಿಸಿ, ಹಿಂದೆ ಹಲಗೆ ಕಟ್ಟಿ, ನಿಂತು ಬರೆದೆ. ನಿನ್ನ ಜಮಖಾನ ಕೆಳಕ್ಕೆ ಸುತ್ತಿಕೊಳ್ಳುತ್ತಿತ್ತು, ನನ್ನ ಬರಹ ಮೇಲಕ್ಕೆ. ಬರೆದ ತಕ್ಷಣ ಮೇಲಿನ ದಿಂಡು ತಿರುಗಿಸಿ, ಅದು ಹಿಂದಕ್ಕೆ ತಿರುಗದಂತೆ ಗೂಟ ಜಡಿಯುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಒಂದು ದಿನ ಶಾಲಿನ ಬಣ್ಣ ನೋಡಲೇಬೇಕೆನಿಸಿ ಗೂಟ ಕಿತ್ತೆ. ದಿಂಡು ಜಾರಿ ಕಾಗದ ಹರಿಯಿತು. ಅಳುತ್ತಲೇ ಅಂಟಿಸಿದೆ, ಮುಂದೆ ಹೋದೆ. ಮರುದಿನ ಒಂದು ಕೆಟ್ಟ ವಾಕ್ಯದ ಮೇಲೆ ಕಾಲಿಟ್ಟು ಗೆನಾ ಸೇತುವೆ ದಾಟಿಬಿಟ್ಟಳು. ಬೂದು ಬಣ್ಣದ ಹೇಸರಗತ್ತೆ ನಡುದಾರಿಯಲ್ಲಿ ಕಪ್ಪಾಗಿಬಿಟ್ಟಿದೆ. ನನಗೆ ಗೊತ್ತಾಯಿತು, ಬಿಚ್ಚಲಿಲ್ಲ. ಸಂತೆಯಲ್ಲಿ ಒಂದು ಕೊಟ್ಟು ಇನ್ನೊಂದು ತೆಗೆದುಕೊಂಡಳು ಎಂದು ಬರೆದೆ. ಅದುವರೆಗೆ ಆ ಸಂತೆಯೇ ಇರಲಿಲ್ಲ ಅಜ್ಜೀ. ಅವಳಿಗೆ ಮುಂದಿನ ಊರಿನ ದಾರಿ ಹೇಳಿದವರು ಸಿಕ್ಕಿದ್ದು ಅಲ್ಲೇ.

ಕತೆ ಚೆನ್ನಾಗಿದೆಯೋ ಇಲ್ಲವೋ ನನಗೆ ತಿಳಿಯದು. ಅತ್ತೆಗೆ ನಮಸ್ಕಾರ ಹೇಳು, ಅಪ್ಪನ ನೆನಪು ನಿನಗೆ. ನಿನ್ನ ಎರಡೂ ಕಣ್ಣಿಗೆ ನನ್ನ ಮುತ್ತು.

ನಿನ್ನ ನಿಲ್ಲದ ಕಾಲಿನ ಮೊಮ್ಮಗಳು,
ರಾಲಿತ್ಸಾ

ಅಂಚೆಯವನು ಬಾಗಿಲಲ್ಲಿ ಗೊಣಗುತ್ತಿದ್ದಾನೆ, ಆದರೂ ಮರೆತಿದ್ದ ಒಂದು ಮಾತು: ಕತೆಯ ಸುರುಳಿಯನ್ನು ದಿಂಡಿನಿಂದ ಕಳಚಿದ ಹಾಗೇ ಕಳಿಸಿದ್ದೇನೆ, ತಿರುಗಿಸಿ ಸುತ್ತಿಲ್ಲ. ಸುತ್ತಿದ್ದರೆ ಓದುತ್ತಿದ್ದೆ, ಓದಿದ್ದರೆ ತಿದ್ದುತ್ತಿದ್ದೆ. ಹಾಗಾಗಿ ಕತೆಯ ಆರಂಭ ಒಳಗಿದೆ, ಕೊನೆ ಹೊರಗಿದೆ. ಅತ್ತೆ ಸರಿಮಾಡಿ ಕೊಡುತ್ತೇನೆಂದರೆ ಬೇಡ ಅನ್ನು. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ಬೆಳಗಿನ ಬೆಳಕಿಗೆ ಕಿಟಕಿಯ ಹತ್ತಿರ ಕೂತು ಒಂದು ಮೊಳ ಮಾತ್ರ ಬಿಚ್ಚು. ಗೆನಾ ಅಲ್ಲಿ ಬಾಗಿಲು ತಟ್ಟುತ್ತಿದ್ದಾಳೆ, ಒಳಗಿನಿಂದ ಯಾರೋ ತೆರೆಯಲು ಬರುತ್ತಿದ್ದಾರೆ. ಅದನ್ನು ನೀನೇ ಓದು. ಹೊಸ್ತಿಲು, ಮಂಜು, ಶಾಲು ಎಲ್ಲ ಅತ್ತೆ ಆಮೇಲೆ ನಿಧಾನವಾಗಿ ಓದಿ ಹೇಳಲಿ.