ವೈರಸ್ಸಿನ ಅಂಗಿ

ಮಡಿಕೇರಿ, ೩೦ ಫೆಬ್ರವರಿ ೨೧೭೪

ಪೂಜ್ಯ ದೇಚಮ್ಮಜ್ಜಿಯವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳು ಮುತ್ತಕ್ಕಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಕೊಡಲು ಸರ್ಕಾರದ ಬಳಿ ಬೇರೇನೂ ಉಳಿದಿರಲಿಲ್ಲ. ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ.

ಇವತ್ತು ನನ್ನ ಮಗಳ ಮದುವೆ. ಊಟಕ್ಕೆ ಅಚ್ಚುಪಂದಿ ಬಡಿಸಿದೆವು. ಅಂದರೆ ತೊಟ್ಟಿಯಲ್ಲಿ ಬೆಳೆಸಿ ಇಟ್ಟಿಗೆಯಂತೆ ಅಚ್ಚು ಹಾಕಿದ ಮಾಂಸ. ಕೊಬ್ಬನ್ನು ಮೇಲೆ ಬಿಳಿ ಪಟ್ಟಿಯಾಗಿ ಅಂಟಿಸಿರುತ್ತಾರೆ. ಕಾಚಂಪುಳಿಯ ಕಪ್ಪು ರಸ ಎಷ್ಟು ಸುರಿದರೂ ಹುಳಿ ಒಳಗಿಳಿಯುವುದಿಲ್ಲ, ತಟ್ಟೆಯ ಅಂಚಿಗೆ ಹರಿದುಹೋಗುತ್ತದೆ. ಗಂಡಿನ ಕಡೆಯವರು ಮರ್ಯಾದೆಗೆ ಇನ್ನೊಂದು ಸಲ ಹಾಕಿಸಿಕೊಂಡರು. ನಾನು ತಟ್ಟೆ ಪಕ್ಕಕ್ಕಿಟ್ಟೆ. ಕಳೆದ ಹುತ್ತರಿ ಹಬ್ಬದವರೆಗೂ ನನ್ನ ದೊಡ್ಡಿಯಲ್ಲಿ ನಿಜವಾದ ಕರಿಹಂದಿಗಳಿದ್ದವು, ನಿಮ್ಮ ತವರಿನಲ್ಲಿ ಸಾಕುತ್ತಿದ್ದ ತಳಿಯವೇ, ಜಿಲ್ಲೆಯಲ್ಲೇ ಕೊನೆಯವು. ಈ ಮದುವೆಗೆಂದೇ ಒಂದನ್ನು ಕೊಬ್ಬಿಸುತ್ತಿದ್ದೆ.

ಅವಕ್ಕೆ ಯಾವ ಕಾಯಿಲೆಯೂ ಇರಲಿಲ್ಲ. ಲಸಿಕೆ ಹಾಕಿಸಿದ್ದೆ, ಅದೇ ತಪ್ಪಾಯಿತು. ಆಫ್ರಿಕನ್ ಹಂದಿಜ್ವರದ ವೈರಸ್ಸಿಗೆ ಪ್ರೋಟೀನಿನ ಹೊರಕವಚವಿದೆ, ಅಂಗಿ ಅನ್ನಿ. ನೀವು ಕೆಲಸ ಮಾಡುವ ಪ್ರಯೋಗಾಲಯದವರು ಆ ಅಂಗಿಯಿಂದಲೇ ಲಸಿಕೆ ಮಾಡಿದರು. ಒಮ್ಮೆ ತೋರಿಸಿದರೆ ಹಂದಿಯ ರಕ್ತ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಸೊಗಸಾದ ಯೋಚನೆ! ಆದರೆ ರೋಗ ಪತ್ತೆಹಚ್ಚುವ ರಕ್ತಪರೀಕ್ಷೆ ಹುಡುಕುವುದೂ ಅದೇ ಅಂಗಿಯ ನೆನಪನ್ನು. ರೋಗ ಬಂದ ಹಂದಿಗೂ ಲಸಿಕೆ ಪಡೆದ ಹಂದಿಗೂ ಪರೀಕ್ಷೆಯ ಪಟ್ಟಿಯಲ್ಲಿ ಒಂದೇ ಕೆಂಪು ಗೆರೆ. ಲಸಿಕೆ ಒಂದು ಕೋಣೆಯವರದು, ಪರೀಕ್ಷೆ ಪಕ್ಕದ ಕೋಣೆಯವರದು, ಇಬ್ಬರಿಗೂ ಮಾತಿಲ್ಲ. ಎರಡೂ ಕಡೆ ಓಡಾಡುತ್ತಿದ್ದವರು ನೀವೊಬ್ಬರೇ. ಮುಂದೆ ಆ ಪರೀಕ್ಷೆಯೇ ಕಾನೂನಾಯಿತು. ಗೆರೆ ಮೂಡಿದರೆ ದೊಡ್ಡಿಗೆ ದೊಡ್ಡಿಯನ್ನೇ ಹೂಳಬೇಕು.

ತಪಾಸಣೆಗೆ ಬಂದ ಕಾಳಪ್ಪ ಹಂದಿಯ ಬೆನ್ನು ತಟ್ಟಿ, "ಚೆನ್ನಾಗೇ ಉಂಟಲ್ಲ ಅಕ್ಕಾ. ಆದ್ರೆ ಗೆರೆ ಬಂದ್‌ಬಿಟ್ಟಿದೆ, ನಾನು ಎಂತ ಮಾಡುದು?" ಅಂದ. ಪಾಪದವನು, ಕಣ್ಣೊರೆಸಿಕೊಂಡೇ ಕೊಂದ. ಮರಿಗಳನ್ನೂ ಬಿಡಲಿಲ್ಲ. ನನಗೆ ಅವನ ಮೇಲೆ ಸಿಟ್ಟಿಲ್ಲ, ನಿಮ್ಮ ಮೇಲಿದೆ.

ಈ ಕಾಗದವನ್ನು ನಿಮ್ಮ ಕಾಲಕ್ಕೆ, ಪರೀಕ್ಷೆಯನ್ನು ತೀರ್ಮಾನಿಸುವ ಸಭೆಯ ಹಿಂದಿನ ದಿನ ತಲುಪುವಂತೆ ಕಳಿಸುತ್ತಿದ್ದೇನೆ. ನಾಳೆ ಎರಡೂ ಕೋಣೆಯ ಹಿರಿಯರು ಒಂದೇ ಮೇಜಿಗೆ ಕೂರುತ್ತಾರೆ. ಲಸಿಕೆಯಲ್ಲಿಲ್ಲದ ಬೇರೊಂದು ಪ್ರೋಟೀನನ್ನು ಪರೀಕ್ಷೆಗೆ ಆರಿಸಿ ಎಂದು ನೀವು ಹೇಳಿದರೆ ಸಾಕು. ನಿಮಗೆ ಅದು ಗೊತ್ತಿತ್ತು, ಸಭೆ ಮುಗಿಸಿ ಮನೆಗೆ ಬಂದು ಗಂಡನೆದುರು ಹೇಳಿದ್ದಿರಂತೆ. ನಮ್ಮ ಮನೆಯಲ್ಲಿ ಇಂದಿಗೂ ನಿಮ್ಮನ್ನು ಹೊಗಳುತ್ತಾರೆ: ದೇಚಮ್ಮಜ್ಜಿ ಬಲು ಒಳ್ಳೆಯವರು, ಹಿರಿಯರಿಗೆ ಒಮ್ಮೆಯೂ ಎದುರಾಡಿದವರಲ್ಲ.

ನಾಳೆ ಒಂದು ಸಲ ಎದುರಾಡಿ, ಅಜ್ಜಿ.

ನಿಮ್ಮ
ಮುತ್ತಕ್ಕಿ